ಬಲಕ್ಕೆ ತಿರುಗಿಸಿದ ತೂಬು

ರಜೆ ಹಾಕುವುದಕ್ಕೂ ಒಂದು ಬಗೆಯ ಧೈರ್ಯ ಬೇಕು. ಅದು ನನಗಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದೆ. ಜಾಲರಿ ಕಿಟಕಿಯ ಹಿಂದೆ ಕೂತು, ಚೀಟಿ ನೋಡಿ, ನಟ್ಟು ಬೋಲ್ಟು ಸ್ಪ್ಯಾನರುಗಳನ್ನು ಎತ್ತಿ ಕೊಡುವುದು ನನ್ನ ಉದ್ಯೋಗ. ಯಾವ ಸ್ಪ್ಯಾನರು ಯಾವ ಅರೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆದರೆ ಅದನ್ನು ಹಿಡಿದು ಏನನ್ನಾದರೂ ತಿರುಗಿಸಿದವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾನು ರಜೆ ಹಾಕಿದರೆ ಕಾರ್ಖಾನೆ ನಿಂತೇ ಹೋದೀತು ಎಂಬ ಭಯವಿತ್ತು. ಕೆಲವು ವರ್ಷಗಳಾದ ಮೇಲೆ, ನಾನಿಲ್ಲದೆಯೂ ಸಲೀಸಾಗಿ ನಡೆದುಬಿಟ್ಟರೆ ಏನು ಗತಿ ಎಂಬ ಭಯ ಹಿಡಿಯಿತು. ಎರಡನೆಯದು ಹೆಚ್ಚು ಗಟ್ಟಿಯಾದ ಭಯ.

ಮದುವೆಯಾದ ಒಂಬತ್ತನೆಯ ವರ್ಷದಲ್ಲಿ ನನ್ನ ಹೆಂಡತಿ ವಿಮಲ ಕೇಳಿದಳು: "ನಾನು ಸಮುದ್ರ ನೋಡೋದು ಈ ಜನ್ಮದಲ್ಲೋ, ಮುಂದಿನದರಲ್ಲೋ? ಹೇಳಿಬಿಡಿ, ನಾನೂ ಅದಕ್ಕೆ ತಕ್ಕ ಹಾಗೆ ಇರ್ತೀನಿ." ಹೀಗೆ ಕೇಳಿದ ಮೇಲೆ ಉಳಿಗಾಲವಿಲ್ಲ. ಡಿಸೆಂಬರಿನಲ್ಲಿ ಐದು ದಿನ ರಜೆ ಬರೆದುಕೊಟ್ಟೆ. ಮದ್ರಾಸಿಗೆ ಹೊರಟೆವು. ಹೊರಡುವ ಮುಂಚೆ ವಿಮಲ ನಮ್ಮ ಬೀದಿಯ ಒಂದು ಮನೆಯನ್ನೂ ಬಿಡದೆ ಸುದ್ದಿ ಮುಟ್ಟಿಸಿದ್ದಳು. ಎದುರು ಮನೆಯಾಕೆ, ಅಲೆ ಬಂದಾಗ ಸೀರೆ ಹೇಗೆ ಹಿಡಿದುಕೊಳ್ಳಬೇಕೆಂದು ನಡುಬೀದಿಯಲ್ಲೇ ನಿಂತು ತೋರಿಸಿಕೊಟ್ಟಿದ್ದರು. ಆಕೆಯೂ ಸಮುದ್ರ ನೋಡಿರಲಿಲ್ಲ, ಆ ಮಾತು ಬೇರೆ.

ಬೆಳಗಿನ ರೈಲು ಹತ್ತಿದಾಗ ಸಣ್ಣಗೆ ತುಂತುರು. ವೈಟ್‌ಫೀಲ್ಡ್ ಮುಟ್ಟುವ ಹೊತ್ತಿಗೆ ಕಿಟಕಿಯಾಚೆ ಏನೂ ಕಾಣದಷ್ಟು ಮಳೆ. ಅಲ್ಲಿ ರೈಲು ನಿಂತಿತು, ನಿಂತೇ ಇತ್ತು. ಒಂದು ಗಂಟೆಯ ಮೇಲೆ ಸ್ಟೇಷನ್ನಿನವರು ಬಂದು, ಮದ್ರಾಸಿನ ಕಡೆ ಚಂಡಮಾರುತ ಎದ್ದಿದೆ, ಮುಂದೆ ಹಳಿಯ ಮೇಲೆ ನೀರು ನಿಂತಿದೆ, ಈ ಗಾಡಿ ಹೋಗುವುದಿಲ್ಲ ಎಂದರು. ಜನರೆಲ್ಲ ವಾಪಸು ಹೋಗುವ ದಾರಿ ಹುಡುಕತೊಡಗಿದರು. ನನಗೆ ಒಳಗೊಳಗೇ ನಿರಾಳ. ನಾಳೆಯೇ ಕೆಲಸಕ್ಕೆ ಹೋಗಿ ಉಳಿದ ರಜೆ ರದ್ದು ಮಾಡಿಸಬಹುದಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ವಿಮಲ ಟ್ರಂಕಿನ ಮೇಲೆ ಕೂತಳು. "ನಾನು ವಾಪಸು ಬರಲ್ಲ ಕಣ್ರೀ. ಬೆಳಗ್ಗೆ ಬೀದಿಯವರು ಆರತಿ ಒಂದು ಬಿಟ್ಟು ಎಲ್ಲಾ ಮಾಡಿ ಕಳಿಸಿದಾರೆ. ಸಾಯಂಕಾಲವೇ ಅವರ ಮುಂದೆ ಹೋಗಿ ನಿಲ್ಲಲಾ? ಐದು ದಿನ ಅಂದ್ರೆ ಐದು ದಿನ. ಈ ಪ್ಲಾಟ್‌ಫಾರಮ್ಮಿನಲ್ಲಾದರೂ ಸರಿ."

ಪಕ್ಕದಲ್ಲಿ ಒಬ್ಬ ರೈತರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮದ್ರಾಸಿಗೆ ಕಳಿಸಲು ತಂದ ಹೂಕೋಸಿನ ಮಂಕರಿಗಳು ಅವರ ಸುತ್ತ ಸಾಲಾಗಿ ಕೂತಿದ್ದವು. ಹೆಸರು ಮುನಿವೆಂಕಟಪ್ಪ, ವರ್ತೂರಿನ ಆಚೆ ಒಂದು ಸಣ್ಣ ಹಳ್ಳಿ. "ಅವ್ವಾರು ಅನ್ನೋದು ಸರಿಯಾಗೈತೆ ಸಾರ್," ಎಂದರು. "ಮಳೇಲಿ ಎಲ್ಲಿಗ್ ಓಯ್ತೀರಾ? ನಮ್ಮನೇಗೆ ಬನ್ನಿ. ಎಂಗೂ ಕೋಸೂ ವಾಪಸ್ ಓಯ್ತದೆ, ನೀವೂ ಅದರ ಜೊತೇಲೇ ಬನ್ನಿ."

ನಾನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ವಿಮಲ ಸ್ಟೇಷನ್ನಿನ ಹೊರಗೆ ನಿಂತಿದ್ದ ಅವರ ಎತ್ತಿನ ಗಾಡಿ ಹತ್ತಿ ಆಗಿತ್ತು. ಎರಡು ಮಂಕರಿಗಳ ನಡುವೆ ಮಂಡಿ ಮಡಚಿ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಾನು ನನ್ನ ಮೊದಲ ಪ್ರವಾಸ ಮುಂದುವರಿಸಿದೆ.

ಮುನಿವೆಂಕಟಪ್ಪನವರ ಹೆಂಡತಿ ಅಕ್ಕಯ್ಯಮ್ಮ ನಮ್ಮನ್ನು ನೋಡಿ ಏನೂ ಕೇಳಲಿಲ್ಲ. ಒಣಗಿದ ಬಟ್ಟೆ ಕೊಟ್ಟು ಒಲೆಯ ಮುಂದೆ ಕೂರಿಸಿದರು. ಮುದ್ದೆ, ಅವರೆಕಾಳಿನ ಸಾರು. ಮತ್ತೆ ಮುದ್ದೆ, ಹೂಕೋಸಿನ ಪಲ್ಯ. ಮದ್ರಾಸು ತಿನ್ನಬೇಕಾಗಿದ್ದ ಕೋಸನ್ನು ಎರಡು ದಿನ ನಾವೇ ತಿಂದೆವು. ಹೊರಗೆ ಗಾಳಿ ಹೆಂಚು ಎಬ್ಬಿಸುತ್ತಿದ್ದರೆ ವಿಮಲ ಹಿತಕಿದ ಅವರೆಬೇಳೆ ಗುಡ್ಡೆ ಹಾಕುತ್ತ, ಅಕ್ಕಯ್ಯಮ್ಮನ ತವರಿನ ಕಥೆಯನ್ನೆಲ್ಲ ಕೇಳಿ ಮುಗಿಸಿ, ತನ್ನದನ್ನು ಶುರು ಮಾಡಿದ್ದಳು. ಅವಳು ಅಷ್ಟು ನಗುವುದನ್ನು ನಾನು ಮನೆಯಲ್ಲಿ ನೋಡಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಊರಿನಲ್ಲಿ ಗದ್ದಲವೆದ್ದಿತು. ಊರ ಮೇಲ್ಗಡೆಯ ಕೆರೆ ತುಂಬಿ ಕೋಡಿ ಬಿದ್ದಿತ್ತು. ಆದರೂ ನೀರು ಏರುತ್ತಲೇ ಇತ್ತು, ಏರಿಯ ಒಂದು ಕಡೆ ಮಣ್ಣು ಜಾರತೊಡಗಿತ್ತು. ಅದರ ಕೆಳಗೇ ಹದಿನೈದಿಪ್ಪತ್ತು ಮನೆಗಳು. ತೂಬು ಎತ್ತಿ ಕಾಲುವೆಗೆ ನೀರು ಬಿಟ್ಟರೆ ಭಾರ ಇಳಿಯುತ್ತದೆ. ಆದರೆ ತೂಬಿನ ಕಬ್ಬಿಣದ ಚಕ್ರ ತುಕ್ಕು ಹಿಡಿದು ಅಲುಗಾಡುತ್ತಿಲ್ಲ.

ಮುನಿವೆಂಕಟಪ್ಪ ಓಡಿಬಂದರು. "ಸಾರ್, ನೀವು ಪ್ಯಾಕ್ಟ್ರಿಯೋರು. ಮಿಸನ್ ಇಚಾರ ನಿಮ್ಗೆ ಗೊತ್ತಿರ್ತದೆ. ಒಸಿ ಬಂದು ನೋಡಿ."

ನಾನು ಸ್ಟೋರ್ಸಿನವನು ಎಂದು ವಿವರಿಸಲು ಅದು ಹೊತ್ತಲ್ಲ. ಏರಿಯ ಮೇಲೆ ಹೋಗಿ ನಿಂತೆ. ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು. ನನಗೆ ಗೊತ್ತಿದ್ದದ್ದು ಒಂದೇ: ತುಕ್ಕು ಹಿಡಿದದ್ದಕ್ಕೆ ಸೀಮೆಎಣ್ಣೆ ಬೇಕೆಂದು ಫಿಟ್ಟರುಗಳು ಚೀಟಿ ಬರೆಯುತ್ತಾರೆ. "ಸೀಮೆಎಣ್ಣೆ ತನ್ನಿ," ಎಂದೆ. ನಾಲ್ಕು ಮನೆಗಳ ಬುಡ್ಡಿ ಖಾಲಿಯಾಯಿತು. ಅರ್ಧ ಗಂಟೆ ನೆನೆಯಲು ಬಿಟ್ಟೆವು. ಆಮೇಲೆ ಚಕ್ರದ ಕಡ್ಡಿಗಳ ನಡುವೆ ಹಾರೆ ತೂರಿಸಿ ಆರು ಜನ ಹೆಗಲು ಕೊಟ್ಟರು. ಎಲ್ಲರೂ ನನ್ನ ಅಪ್ಪಣೆಗೆ ಕಾದರು. ನಾನು "ಎಡಕ್ಕೆ" ಎನ್ನಲು ಹೊರಟೆ. ಬಾಯಿಂದ ಬಂದದ್ದು "ಬಲಕ್ಕೆ."

ಕೆರೆಯ ನೀರು ಬಿಡುವ ಹಳೆಯ ನೀರಗಂಟಿ ಚಿಕ್ಕಣ್ಣ ಹುಬ್ಬು ಗಂಟಿಕ್ಕಿದ. "ಬಲಕ್ ತಿರುಗ್ಸಿದ್ರೆ ಮುಚ್ಕೋತದಲ್ಲ ಸಾರ್."

ಆಗಲೇ ತಪ್ಪಾಯಿತು ಎನ್ನಬಹುದಾಗಿತ್ತು. ಆದರೆ ಹನ್ನೊಂದು ವರ್ಷ ಕಿಟಕಿಯ ಹಿಂದೆ ಕೂತವನನ್ನು ಜೀವನದಲ್ಲಿ ಮೊದಲ ಬಾರಿ ಒಂದು ಊರು ನಂಬಿ ನಿಂತಿತ್ತು. "ಗೊತ್ತು. ನೀವು ನೂಕಿ," ಎಂದೆ.

ನೂಕಿದರು. ಕರ್ರ್ ಎಂದು ಒಂದು ಸದ್ದು. ಚಕ್ರ ಒಂದು ಬೆರಳಿನಷ್ಟು ಜರುಗಿತು. ಏರಿಯ ಕೆಳಗೆ ಕಾಲುವೆ ಕಾಯುತ್ತಿದ್ದವನು ಕೂಗಿದ: "ಸೋರ್ತಾ ಇದ್ದ ಒಸಿ ನೀರೂ ನಿಂತೋಯ್ತಲ್ರಪ್ಪೋ."

ಆರು ಜನ ತಿರುಗಿ ನನ್ನನ್ನು ನೋಡಿದರು. ಕೆರೆಗೆ ಹಾರಿದರೆ ಈಜು ಬರುವುದಿಲ್ಲ, ಊರಿಗೆ ಓಡಿದರೆ ದಾರಿ ಗೊತ್ತಿಲ್ಲ. ಗಂಭೀರವಾಗಿ ತಲೆಯಾಡಿಸಿ, "ಹ್ಞಾಂ, ಸಡಿಲ ಆಯ್ತು. ಈಗ ಎಡಕ್ಕೆ," ಎಂದೆ.

ಹಾರೆ ತಿರುಗಿತು. ಮೊದಲು ಒಂದು ಬೆರಳು, ಆಮೇಲೆ ಒಂದು ಗೇಣು, ಆಮೇಲೆ ಚಕ್ರ ಪೂರಾ ಸುತ್ತು ಹೊಡೆಯಿತು. ಏರಿಯ ಕೆಳಗೆ ಆನೆ ಘೀಳಿಟ್ಟ ಹಾಗೆ ಸದ್ದಾಗಿ ಕೆಂಪು ನೀರು ಕಾಲುವೆಗೆ ನುಗ್ಗಿತು. ಗಂಡಸರು ಹೆಗಲ ಮೇಲಿನ ಟವೆಲು ಬೀಸಿದರು. ಚಿಕ್ಕಣ್ಣ ನನ್ನ ಕೈ ಹಿಡಿದು, "ಮೊದ್ಲು ಬಲಕ್ಕೆ, ಆಮ್ಯಾಕೆ ಎಡಕ್ಕೆ. ಇದು ನಮ್ಮಪ್ಪಂಗೂ ಗೊತ್ತಿರ್ನಿಲ್ಲ ಸಾರ್," ಎಂದ. ಮಧ್ಯಾಹ್ನದ ಹೊತ್ತಿಗೆ ಕೆರೆಯ ನೀರು ಮೊಳದಷ್ಟು ಇಳಿದಿತ್ತು. ಜಾರಿದ ಕಡೆ ಮಣ್ಣಿನ ಮೂಟೆ ಜೋಡಿಸಿ ಆಗಿತ್ತು. ಒಂದು ಮನೆಯ ಹೊಸ್ತಿಲೂ ನೆನೆಯಲಿಲ್ಲ.

ಸಂಜೆ ಮಳೆ ಬಿಟ್ಟಾಗ ವಿಮಲ ಏರಿಯ ಮೇಲೆ ನಿಂತು ಗಾಳಿಗೆ ಎದ್ದ ಅಲೆಗಳನ್ನು ಬಹಳ ಹೊತ್ತು ನೋಡಿದಳು. "ಅಲೆ ಇದೆ, ಗಾಳಿ ಇದೆ, ಆಚೆ ದಡ ಕಾಣ್ತಿಲ್ಲ. ಉಪ್ಪು ಒಂದಿಲ್ಲ ಅಷ್ಟೆ."

"ಉಪ್ಪು ನಾನ್ ಕೊಡ್ತೀನಿ ಬಾರವ್ವ," ಎಂದರು ಅಕ್ಕಯ್ಯಮ್ಮ.

ಐದನೆಯ ದಿನ ಒಂದು ಮೂಟೆ ಅವರೆಕಾಯಿ, ಕೊರಳಲ್ಲಿ ಊರವರು ಹಾಕಿದ ಒಂದು ಸೇವಂತಿಗೆ ಹಾರ, ಇವುಗಳ ಸಮೇತ ಮನೆಗೆ ಬಂದೆ. ಹಾರವನ್ನು ಬಸ್ಸಿನಲ್ಲಿ ತೆಗೆಯಬಹುದಿತ್ತು, ತೆಗೆಯಲಿಲ್ಲ. ಬೀದಿಯಲ್ಲಿ ಸಮುದ್ರದ ವಿಷಯ ಯಾರೂ ಕೇಳಲೇ ಇಲ್ಲ. ವಿಮಲ ಒಂದೊಂದು ಮನೆಗೂ ಅವರೆಕಾಯಿ ಹಂಚುತ್ತ ಕಥೆಯನ್ನೂ ಹಂಚಿದಳು. ಕಾರ್ಖಾನೆಯಲ್ಲಿ ಹಿರಿಯ ಫಿಟ್ಟರ್ ರಂಗಸ್ವಾಮಿ ಜಾಲರಿ ಕಿಟಕಿಗೆ ಮುಖವಿಟ್ಟು ಎಲ್ಲವನ್ನೂ ಕೇಳಿದರು. ನಾನು ನಗೆಪಾಟಲಾಗಲು ಸಿದ್ಧನಾಗಿದ್ದೆ. ಅವರು, "ಸರಿಯಾಗೇ ಮಾಡಿದೀರ ಗುರುಗಳೇ. ಹಿಡ್ಕೊಂಡಿರೋದನ್ನ ಮೊದಲು ಸ್ವಲ್ಪ ಬಿಗಿ ಮಾಡಿದ್ರೆ ತುಕ್ಕು ಒಡೆಯುತ್ತೆ. ಇದು ಕಲಿಯೋಕೆ ನನಗೆ ಆರು ವರ್ಷ ಹಿಡೀತು. ನಿಮಗೆ ಯಾರು ಹೇಳಿಕೊಟ್ರು?" ಎಂದರು. ನಾನು ಮುಗುಳ್ನಕ್ಕು ಅವರ ಚೀಟಿಗೆ ಸಹಿ ಹಾಕಿದೆ.

ಆ ಸಂಜೆ ಕಾಫಿ ಕೊಡುತ್ತ ವಿಮಲ ಕೇಳಿದಳು: "ನಿಜ ಹೇಳಿ. ಅವತ್ತು ಬಲಕ್ಕೆ ಅಂತ ಗೊತ್ತಿದ್ದೇ ಹೇಳಿದ್ರಾ?"

"ಗೊತ್ತಿದ್ದೇ ಹೇಳಿದ್ದು," ಎಂದೆ.

"ಹಾಗಾದ್ರೆ ಸರಿ," ಎಂದು ಒಳಗೆ ಹೋದಳು. ನಮ್ಮ ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಮರುಪ್ರಶ್ನೆ ಹಾಕದೆ ಒಪ್ಪಿಕೊಂಡ ನನ್ನ ಮಾತು ಅದೊಂದೇ. ಅದೂ ಸುಳ್ಳಾಗಿತ್ತು.