ನಾನು ಬದುಕಿಸಿದ ಜಪಾನಿ ನಾಯಿಗಳು

ಸುಳ್ಳು ಹೇಳುವವರಲ್ಲಿ ನಾನಾ ಬಗೆ. ಲಾಭಕ್ಕಾಗಿ ಹೇಳುವವರು, ಜಂಬಕ್ಕಾಗಿ ಹೇಳುವವರು, ಮ್ಯಾನೇಜರ್ ಹತ್ತಿರ ರಜೆಗಾಗಿ ಹೇಳುವವರು. ನಾನು ಈ ಯಾವ ಪಂಗಡಕ್ಕೂ ಸೇರಿದವನಲ್ಲ. ನಾನು ಜಪಾನಿನ ನಾಯಿಗಳ ಪರವಾಗಿ ಸುಳ್ಳು ಹೇಳಿದವನು. ಅದರಿಂದ ನನಗೆ ಬಿಡಿಗಾಸಿನ ಲಾಭವೂ ಆಗಲಿಲ್ಲ. ಆ ನಾಯಿಗಳಿಗೂ ಆಗಲಿಲ್ಲ, ಯಾಕೆಂದರೆ ನಾನು ಬಾಯಿ ತೆರೆಯುವ ಹೊತ್ತಿಗೆ ಅವು ಸಾಮಾನ್ಯವಾಗಿ ಸತ್ತುಹೋಗಿರುತ್ತಿದ್ದವು.

ಇದೆಲ್ಲ ಶುರುವಾದದ್ದು ಒಂದು ಹಾರ್ಡ್ ಡಿಸ್ಕಿನಿಂದ. ನಾನು ದೋಹಾದ ಹೊರಗಿನ ಮೆಸಯೀದಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮನೆ ನಗರದೊಳಗಿನ ದೋಹಾ ಅಲ್ ಜದೀದಾ ಬಡಾವಣೆಯಲ್ಲಿ. ಕಂಪನಿಯ ಬಸ್ಸು ಬೆಳಿಗ್ಗೆ ಹೊತ್ತುಕೊಂಡು ಹೋಗಿ ಸಂಜೆ ತಂದು ಇಳಿಸುತ್ತದೆ. ನಮ್ಮ ವಿಭಾಗದಲ್ಲಿ ಜಪಾನಿನ ಎಂಜಿನಿಯರ್ ಒಬ್ಬರಿದ್ದರು. ಮಾತು ಬಹಳ ಕಡಿಮೆ. ಕೆಲಸ ಮುಗಿಸಿ ಊರಿಗೆ ಹೊರಡುವಾಗ ನನಗೊಂದು ಹಾರ್ಡ್ ಡಿಸ್ಕ್ ಕೊಟ್ಟು, "ಫ್ಯಾಮಿಲಿ ಫಿಲ್ಮ್ಸ್. ವೆರಿ ಗುಡ್ ಫಾರ್ ಚಿಲ್ಡ್ರನ್" ಎಂದರು. ಆ ಸಜ್ಜನರು ಇನ್ನೊಂದೆರಡು ಮಾತು ಹೆಚ್ಚು ಆಡಿದ್ದರೆ ನನ್ನ ಸಂಸಾರ ಇಷ್ಟು ಕೆಡುತ್ತಿರಲಿಲ್ಲ.

ಡಿಸ್ಕಿನ ತುಂಬ ಒಂದೇ ಜಾತಿಯ ಸಿನಿಮಾಗಳು. ಒಂದು ಮಗು, ಒಂದು ಪ್ರಾಣಿ, ಮಾತಾಡದ ಒಬ್ಬ ತಾತ. ಈ ಮೂವರಲ್ಲಿ ಒಬ್ಬರು ಕೊನೆಯ ತನಕ ಉಳಿಯುವುದಿಲ್ಲ. ತಾತ ಹೋದರೆ ನಾವು ಹೇಗೋ ತಡೆದುಕೊಳ್ಳಬಹುದು, ವಯಸ್ಸಾಗಿತ್ತು ಎನ್ನಬಹುದು. ಆದರೆ ಆ ನಿರ್ದೇಶಕರು ಅಷ್ಟು ಕರುಣಾಳುಗಳಲ್ಲ. ತಾತನನ್ನು ಕೆಮ್ಮಿಸಿ ಕೆಮ್ಮಿಸಿ ನಮ್ಮ ಗಮನವನ್ನೆಲ್ಲ ಅತ್ತ ಎಳೆದು, ಇತ್ತ ನಾಯಿಯನ್ನು ತೆಗೆದುಬಿಡುತ್ತಾರೆ. ಅದಕ್ಕೆ ಮೊದಲು ಪಿಯಾನೋ ಶುರುವಾಗುತ್ತದೆ. ಒಂಟಿ ಪಿಯಾನೋ ಕೇಳಿಸಿತೆಂದರೆ ಟಿಶ್ಯೂ ಡಬ್ಬಿ ಹತ್ತಿರ ಎಳೆದುಕೊಳ್ಳಬೇಕು. ಕಾರ್ಖಾನೆಯಲ್ಲಿ ಒತ್ತಡದ ಕೊಳವೆಗಳ ನಡುವೆ ನಗುನಗುತ್ತಾ ಓಡಾಡುವ ನಾನು ಆ ಪಿಯಾನೋದ ಮೊದಲ ಸ್ವರಕ್ಕೇ ಮೂಗು ಸೊರಸೊರ ಎಳೆಯತೊಡಗುತ್ತೇನೆ.

ಮಗಳು ಅನ್ವಿಗೆ ಆಗ ಐದು ವರ್ಷ. ಸಿನಿಮಾದ ಮಾತು ಜಪಾನಿ, ಕೆಳಗೆ ಬರುವ ಅಕ್ಷರ ಇಂಗ್ಲಿಷ್, ಅವಳಿಗೆ ಓದಲು ಬಾರದು. ಹೀಗಾಗಿ ಶುಕ್ರವಾರದ ಮಧ್ಯಾಹ್ನಗಳಲ್ಲಿ ಸೋಫಾದ ಮೇಲೆ ಅವಳ ಪಕ್ಕ ಕೂತು ನಾನೇ ಕನ್ನಡಕ್ಕೆ ಡಬ್ಬಿಂಗ್ ಮಾಡತೊಡಗಿದೆ. ಮಗು, ತಾಯಿ, ತಾತ, ಪೋಸ್ಟ್‌ಮ್ಯಾನ್, ಎಲ್ಲರ ದನಿಯೂ ನನ್ನದೇ. ನಾಯಿ ಸುಮ್ಮನೆ ನೋಡುತ್ತಿದ್ದರೆ ಪಾಪ ಎನ್ನಿಸಿ ಅದಕ್ಕೂ ನಾಲ್ಕು ಮಾತು ಕೊಟ್ಟೆ. ನನ್ನ ಮನೆಮಾತು ತುಳು, ಹೆಂಡತಿ ವಿನುತಾ ದಾವಣಗೆರೆಯವಳು, ಹಾಗಾಗಿ ನಾವು ಮನೆಯಲ್ಲಿ ಆಡುವುದು ಕನ್ನಡ. ಆದರೆ ನನ್ನದು ಮಂಗಳೂರಿನ ಕನ್ನಡ. ಹಿಮದಲ್ಲಿ ನಿಂತ ಜಪಾನಿನ ನಾಯಿ ತಾತನನ್ನು ನೋಡಿ, "ಎಂತ ಮಾರಾಯ್ರೆ, ಇಷ್ಟು ತಡ ಮಾಡುವುದಾ? ನನಗೆ ಹಸಿವು ಆಗುವುದಿಲ್ವಾ?" ಎಂದು ಕೇಳುತ್ತಿತ್ತು.

"ಏನ್ರೀ, ಜಪಾನಿನ ನಾಯಿ ಯಾಕ್ರೀ ಪುತ್ತೂರಿನವರ ಥರ ಮಾತಾಡುತ್ತೆ?" ಎಂದು ವಿನುತಾ ಅಡುಗೆಮನೆಯಿಂದ ಕೇಳುತ್ತಿದ್ದಳು.

"ದಾವಣಗೆರೆಯ ಬೆಕ್ಕು ಬಂದಾಗ ನೀನು ಬಾ, ಪಾತ್ರ ಕೊಡ್ತೇನೆ" ಎನ್ನುತ್ತಿದ್ದೆ ನಾನು.

ನಗೆಯ ಮಾತು ಬಿಡಿ, ನನಗೆ ಒಳಗೊಳಗೆ ಹೆಮ್ಮೆಯಿತ್ತು. ಇಲ್ಲಿ ಬೆಳೆಯುವ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಆಟದ ಅಂಗಳದಲ್ಲಿ ಹಿಂದಿ, ಅಂಗಡಿಯಲ್ಲಿ ಮಲಯಾಳ. ಅಂಥಾ ಊರಿನಲ್ಲಿ ನನ್ನ ಮಗಳು ವಾರಕ್ಕೊಮ್ಮೆ ಎರಡು ಗಂಟೆ ಬಾಯಿ ಬಿಟ್ಟುಕೊಂಡು ಕನ್ನಡ ಕೇಳುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು. ನಮ್ಮ ಮ್ಯಾನೇಜರು ಬಿಡಿ, ನನ್ನ ಹೆಂಡತಿಯೂ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಎಂದೂ ಕೇಳಿದವಳಲ್ಲ.

ತೊಂದರೆ ಬರುತ್ತಿದ್ದದ್ದು ಪಿಯಾನೋ ಶುರುವಾದಾಗ. ಮೊದಲ ಸಲ ನಾಯಿ ಕಣ್ಣು ಮುಚ್ಚಿದಾಗ ಅನ್ವಿ ನನ್ನ ತೋಳು ಹಿಡಿದು, "ಅಪ್ಪ, ಅದಕ್ಕೆ ಏನಾಯ್ತು?" ಎಂದಳು. ಆ ಮುಖ ನೋಡಿ ಸತ್ತಿತು ಎನ್ನಲು ನಾಲಿಗೆ ಏಳಲಿಲ್ಲ. "ಸುಸ್ತಾಗಿ ಮಲಗಿದೆ. ನಾಳೆ ಅದಕ್ಕೆ ಟ್ರಾನ್ಸ್‌ಫರ್" ಎಂದೆ. ಗಲ್ಫಿನ ಮಕ್ಕಳಿಗೆ ಟ್ರಾನ್ಸ್‌ಫರ್ ಎಂದರೆ ವಿವರಿಸಬೇಕಾಗಿಲ್ಲ. ಪ್ರತಿ ಬೇಸಿಗೆಯಲ್ಲೂ ಅವರ ಪಕ್ಕದ ಬೆಂಚಿನ ಗೆಳತಿಯೊಬ್ಬಳು ಹಾಗೇ ಕಾಣೆಯಾಗುತ್ತಾಳೆ. ಆಮೇಲೆ ನನಗೆ ಕೈ ಪಳಗಿತು. ಒಂದು ನಾಯಿಯನ್ನು ಒಸಾಕಾದ ಚಿಕ್ಕಮ್ಮನ ಮನೆಗೆ ಕಳಿಸಿದೆ, ಇನ್ನೊಂದನ್ನು ಟೋಕಿಯೋದ ದೊಡ್ಡ ಆಸ್ಪತ್ರೆಗೆ ಸೇರಿಸಿದೆ, ಕುರುಡು ಕುದುರೆಯೊಂದಕ್ಕೆ ಕಣ್ಣಿನ ಆಪರೇಷನ್ ಮಾಡಿಸಿದೆ. ಒಂದು ಸಿನಿಮಾದಲ್ಲಿ ಮಕ್ಕಳೆಲ್ಲ ಮಣ್ಣಿನ ದಿಬ್ಬದ ಸುತ್ತ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಅವರು ಏನು ಮಾಡ್ತಿದ್ದಾರೆ ಅಪ್ಪ?"

"ಗಿಡ ನೆಡ್ತಿದ್ದಾರೆ."

"ಮತ್ತೆ ಯಾಕೆ ಅಳ್ತಾರೆ?"

"ಈರುಳ್ಳಿ ಗಿಡ ಮಗಾ" ಎಂದೆ. ಅಷ್ಟು ಹೊತ್ತಿಗೆ ನನ್ನ ಕಣ್ಣಲ್ಲೂ ನೀರು ಇಳಿಯುತ್ತಿದ್ದುದರಿಂದ ಈರುಳ್ಳಿಯ ಘಾಟು ನಮ್ಮ ಸೋಫಾದವರೆಗೂ ಬಂದಿದೆ ಎಂದು ಸೇರಿಸಬೇಕಾಯಿತು.

ಹೀಗೆ ಮೂರು ನಾಲ್ಕು ವರ್ಷ ನಡೆಯಿತು. ಮಕ್ಕಳು ಓದಲು ಕಲಿಯುತ್ತಾರೆ ಎಂಬ ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲೇ ಇಲ್ಲ. ಒಮ್ಮೆ ಕಾರ್ಖಾನೆಯಲ್ಲಿ ಶಟ್‌ಡೌನ್ ಇತ್ತು. ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಆ ದಿನಗಳಲ್ಲಿ ನಮಗೆ ಶುಕ್ರವಾರವೂ ಇಲ್ಲ, ಶನಿವಾರವೂ ಇಲ್ಲ. ಮಗಳು ಬೇಸರಪಟ್ಟಳೆಂದು ವಿನುತಾ ಹಳೆಯ ಸಿನಿಮಾಗಳನ್ನು ಒಂದೊಂದಾಗಿ ಹಾಕಿಕೊಟ್ಟಿದ್ದಾಳೆ. ಅನ್ವಿ ಕೆಳಗಿನ ಅಕ್ಷರಗಳನ್ನು ತಾನೇ ಓದಿಕೊಂಡು ನೋಡಿದ್ದಾಳೆ. ನಾನು ಶಟ್‌ಡೌನ್ ಮುಗಿಸಿ ಮನೆಗೆ ಬರುವಷ್ಟರಲ್ಲಿ ನಾನು ವರ್ಷಗಟ್ಟಲೆ ಬದುಕಿಸಿಟ್ಟಿದ್ದ ನಾಯಿಗಳೆಲ್ಲ ಒಟ್ಟಿಗೆ ಸತ್ತಿದ್ದವು.

"ಅಪ್ಪ, ದೇ ಆಲ್ ಡೈಡ್" ಎಂದಳು. ಅಳಲಿಲ್ಲ, ರೇಗಲಿಲ್ಲ. ನನ್ನ ಕೈಯಿಂದ ಬುತ್ತಿ ಡಬ್ಬಿ ತೆಗೆದುಕೊಳ್ಳುತ್ತಾ, "ಕುದುರೆ ಕೂಡ" ಎಂದಳು.

ಮುಂದಿನ ಶುಕ್ರವಾರ ನಾನು ಎಂದಿನಂತೆ ಗಂಟಲು ಸರಿಮಾಡಿಕೊಂಡು, "ಎಂತ ಮಾರಾಯ್ರೆ" ಎಂದು ಬಾಯಿ ತೆರೆದೆ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಖಲಾಸ್ ಅಪ್ಪ. ಐ ಕ್ಯಾನ್ ರೀಡ್" ಎಂದಳು. ನೋಟಿಸ್ ಇಲ್ಲ, ಗ್ರಾಚ್ಯುಟಿ ಇಲ್ಲ, ನನ್ನ ಡಬ್ಬಿಂಗ್ ಕೆಲಸ ಹೋಯಿತು. ಕೆಲಸ ಹೋದದ್ದಕ್ಕಿಂತ ಮನೆಯಲ್ಲಿ ಕನ್ನಡ ಕಡಿಮೆಯಾದದ್ದು ನನಗೆ ಹೆಚ್ಚು ನೋವು ತಂದಿತು. ನಾಯಿ ಸತ್ತಿತು ಎಂದು ಸತ್ಯ ಹೇಳಿ, ಇಬ್ಬರೂ ಒಟ್ಟಿಗೆ ಅತ್ತು, ಆಮೇಲೆ ಕೆಳಗಿನ ಅಂಗಡಿಗೆ ಇಳಿದು ಇಲ್ಲಿಯವರ ಗಟ್ಟಿ ಹಾಲಿನ ಕರಕ್ ಚಹಾ ಒಂದು ಲೋಟ ಕುಡಿದು ಬಂದಿದ್ದರೆ ಅವಳು ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಿದ್ದಳೇನೋ ಎಂದು ಈಗ ಅನ್ನಿಸುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಕಟ್ಟಡದ ಕೆಳಗೆ ಕಿತ್ತಳೆ ಬಣ್ಣದ ಒಂದು ಬೀದಿ ಬೆಕ್ಕಿತ್ತು. ಒಂದು ಕಿವಿಯ ತುದಿ ತುಂಡಾದದ್ದು, ಎಲುಬು ಎಣಿಸುವಷ್ಟು ಬಡಕಲು. ಸಿನಿಮಾಗಳಿಂದ ಕಲಿತ ಜಪಾನಿಯಲ್ಲಿ ಅನ್ವಿ ಅದಕ್ಕೆ ಮಿಕಾನ್, ಅಂದರೆ ಕಿತ್ತಳೆ, ಎಂದು ಹೆಸರಿಟ್ಟಿದ್ದಳು. ಶಾಲೆಯಿಂದ ಬಂದವಳು ಮೊದಲು ಅದಕ್ಕೆ ಊಟ ಹಾಕಿ ಆಮೇಲೆ ಮೇಲೆ ಬರುತ್ತಿದ್ದಳು. ಈ ವರ್ಷ ನಾವು ರಜೆಗೆ ಊರಿಗೆ ಹೋಗಿ ಬಂದಾಗ ಬೆಕ್ಕು ಇರಲಿಲ್ಲ. ವಿಚಾರಿಸಿದೆ. ಎರಡನೇ ಮಹಡಿಯಲ್ಲಿದ್ದ ಫಿಲಿಪೀನ್ಸಿನ ನರ್ಸ್ ದಂಪತಿ ನನ್ನ ಬಸ್ಸಿನ ದಾರಿಯಲ್ಲೇ ಸಿಗುವ ವಾಕ್ರಾಕ್ಕೆ ಮನೆ ಬದಲಾಯಿಸುವಾಗ ಅದನ್ನೂ ಜೊತೆಗೆ ಕರೆದೊಯ್ದಿದ್ದರು. ಫೋನ್ ಮಾಡಿದರೆ ಆಕೆ, "ಸರ್, ಮನೆಯೆಲ್ಲಾ ಅದರದ್ದೇ ಈಗ" ಎಂದು ಇಂಗ್ಲಿಷಿನಲ್ಲಿ ನಕ್ಕರು. ನಾನು ಕುಣಿಯುತ್ತಾ ಮೇಲೆ ಬಂದು ಮಗಳಿಗೆ ಹೇಳಿದೆ.

"ಅನ್ವಿ, ಮಿಕಾನ್ ಚೆನ್ನಾಗಿದೆ! ಎರಡನೇ ಮಹಡಿಯ ಆಂಟಿ ವಾಕ್ರಾಕ್ಕೆ ಶಿಫ್ಟ್ ಆಗುವಾಗ ಕರ್ಕೊಂಡು ಹೋಗಿದ್ದಾರೆ."

ಅವಳಿಗೀಗ ಹನ್ನೊಂದು ವರ್ಷ. "ಅಪ್ಪ, ಡಬ್ಬಿಂಗ್ ಬೇಡ. ನಿಜ ಹೇಳಿ" ಎಂದಳು.

"ನಿಜ ಮಾರಾಯ್ತಿ! ನಾಳೆಯೇ ಬಾ, ಕಾರಿನಲ್ಲಿ ಹೋಗುವ, ಕಣ್ಣಾರೆ ತೋರಿಸ್ತೇನೆ."

"ಬೇಡ. ಹೋದ್ರೆ ನೀವು ಅಲ್ಲಿ ಇನ್ನೊಂದು ಆರೆಂಜ್ ಬೆಕ್ಕು ತೋರಿಸ್ತೀರಿ."

ಎಷ್ಟು ಕರೆದರೂ ಬರಲಿಲ್ಲ. ನರ್ಸಮ್ಮನಿಗೆ ದುಂಬಾಲು ಬಿದ್ದು ಒಂದು ಫೋಟೋ ತರಿಸಿಕೊಂಡೆ. ಅದರಲ್ಲಿ ಮಿಕಾನ್ ವೆಲ್ವೆಟ್ ದಿಂಬಿನ ಮೇಲೆ ಮೈ ಚೆಲ್ಲಿತ್ತು. ಕತ್ತಿಗೆ ನೀಲಿ ಪಟ್ಟಿ, ಹೊಟ್ಟೆ ನಮ್ಮ ವಿಭಾಗದ ಮುಖ್ಯಸ್ಥರಂತೆ. ತುಂಡಾದ ಕಿವಿಯನ್ನೇ ದಿಂಬಿಗೆ ಒತ್ತಿಕೊಂಡು ಮಲಗಿತ್ತು ಆ ಪಾಪಿ. ಅನ್ವಿ ಫೋಟೋವನ್ನು ದೊಡ್ಡದು ಮಾಡಿ ನೋಡಿ, "ಇದು ಬೇರೆ ಬೆಕ್ಕು ಅಪ್ಪ. ಆದ್ರೆ ಕ್ಯೂಟ್ ಇದೆ" ಎಂದು ಫೋನನ್ನು ಜೋಪಾನವಾಗಿ ನನಗೆ ಕೊಟ್ಟಳು.

ಕಿವಿ ಕಾಣುವಂತೆ ಇನ್ನೊಂದು ಫೋಟೋ ಕಳಿಸಿ ಎಂದು ಕೇಳಿದೆ. ಅವರು ಮತ್ತೆ ಸಾಮಾನು ಕಟ್ಟುವ ಗಡಿಬಿಡಿಯಲ್ಲಿದ್ದರು. ಕೆಲ ದಿನ ಬಿಟ್ಟು ಉತ್ತರ ಬಂತು: ಕೆನಡಾದಲ್ಲಿ ಕೆಲಸ ಸಿಕ್ಕಿದೆ, ಬೆಕ್ಕಿನ ಕಾಗದಪತ್ರವೂ ಆಗಿದೆ, ನಾವು ವಿಮಾನ ನಿಲ್ದಾಣದಲ್ಲಿದ್ದೇವೆ. ನಾನೇ ವೀಸಾಕ್ಕೆ ಅರ್ಜಿ ಹಾಕಿ ತಿರಸ್ಕೃತನಾದ ದೇಶ ಅದು. ಬೀದಿಯ ಬೆಕ್ಕು ಕೆನಡಾಕ್ಕೆ ಹೋಯಿತು ಎಂದು ಯಾವ ಬಾಯಲ್ಲಿ ಮಗಳಿಗೆ ಹೇಳಲಿ? ಹೇಳಲೇ ಇಲ್ಲ. ಸತ್ತ ನಾಯಿಗಳನ್ನು ಸಾಲಾಗಿ ಬದುಕಿಸಿದ ನಾನು, ಬದುಕಿರುವ ಒಂದು ಬೆಕ್ಕನ್ನು ಮಗಳ ಮನಸ್ಸಿನಲ್ಲಿ ಬದುಕಿಸಲಾರದೆ ಹೋದೆ. ದಿನಾ ಬೆಳಿಗ್ಗೆ ಬಸ್ಸು ವಾಕ್ರಾ ದಾಟುವಾಗ, ಬೆಕ್ಕು ಅಲ್ಲಿಲ್ಲ ಎಂದು ಗೊತ್ತಿದ್ದೂ, ಕಿಟಕಿಯಾಚೆ ಕಿತ್ತಳೆ ಬಣ್ಣ ಹುಡುಕುತ್ತೇನೆ.

ಮೊನ್ನೆ ಶುಕ್ರವಾರ ಇಬ್ಬರೂ ಒಂದು ಸಿನಿಮಾ ನೋಡುತ್ತಿದ್ದೆವು. ಒಂದು ದ್ವೀಪ, ಒಬ್ಬಳು ಹುಡುಗಿ, ಒಂದು ಮುದಿ ಆಡು. ನಾನು ಕೈಕಟ್ಟಿ ಬಾಯಿ ಮುಚ್ಚಿ ಕೂತಿದ್ದೆ. ಪಿಯಾನೋ ಶುರುವಾಯಿತು. ಆಡು ಬೇಲಿಯ ಬದಿಯಲ್ಲಿ ಮೆಲ್ಲಗೆ ಕಾಲು ಮಡಚಿ ಮಲಗಿತು, ಮತ್ತೆ ಏಳಲಿಲ್ಲ. ಬೆಕ್ಕಿನ ನೆನಪೋ ಏನೋ, ಆವತ್ತು ನನಗೆ ತಡೆಯಲಾಗಲಿಲ್ಲ, ಹೆಗಲು ಅಲುಗುವ ಹಾಗೆ ಅತ್ತುಬಿಟ್ಟೆ. ಅನ್ವಿ ಸಿನಿಮಾ ನಿಲ್ಲಿಸಿದಳು. ಹತ್ತಿರ ಸರಿದು ನನ್ನ ಬೆನ್ನು ಸವರಿದಳು.

"ಅಪ್ಪ, ಅಳಬೇಡಿ. ಅದು ಸತ್ತಿಲ್ಲ."

"ಮತ್ತೆ?"

"ವಾಕ್ರಾಕ್ಕೆ ಹೋಗಿದೆ" ಎಂದಳು.

ಅವಳ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ನಾನು ಕಣ್ಣೊರೆಸಿಕೊಂಡು ತಲೆಯಾಡಿಸಿದೆ. ಅವಳನ್ನು ನಂಬದೆ ಇರಲು ನನಗೆ ಯಾವ ಹಕ್ಕೂ ಇರಲಿಲ್ಲ.