ಎರಡು ತಾಸಿನ ದಿಲ್ಲಿ

ಸೇಡಂ ಬಸ್ ಸ್ಟ್ಯಾಂಡ್ ಮುಂದ ಟಿಕೀಟ್ ಬುಕ್ ಮಾಡೋ ಅಂಗಡಿ ಇಟ್ಟಾಗಿಂದ ನನ್ನ ತಲಿ ತಿನ್ನೋರಿಗೆ ಬರ ಇಲ್ಲ. ಹೈದರಾಬಾದಿನಿಂದ ದಿಲ್ಲಿಗೆ ವಿಮಾನ ಎರಡು ತಾಸು ಅಂದ್ರ ಸಾಕು, ಒಬ್ಬೊಬ್ಬರು ಒಂದೊಂದು ತಕರಾರು ತೆಗೀತಾರ. ಹೊರಗಿನವರು ಹಾಳಾಗಲಿ, ನಮ್ಮ ಮನಿಯವರೂ ಹಂಗೇ.

೧. ವಾಡಿಯ ಯಜಮಾನರು

ರೈಲ್ವೆದಾಗಿದ್ದು ರಿಟೈರ್ ಆದವರು. "ರೈಲಿಗೆ ಒಂದು ದಿನ ಹಿಡೀತದ, ಇದು ಎರಡು ತಾಸಿಗೆ ಹೆಂಗ ಮುಟ್ತದೋ?" ಅಂದ್ರು.

"ಭಾಳ ಜೋರು ಹೋಗ್ತದ್ರಿ."

"ಜೋರಲ್ಲಪಾ, ಮ್ಯಾಲೆ ಸಿಗ್ನಲ್ ಹಾಕಿ ನಿಂದರಸೋರಿಲ್ಲ. ಎದುರಿನ ಗಾಡಿ ಬಿಡಲಿಕ್ಕೆ ನಾನೇ ಎಷ್ಟು ಗಾಡಿ ಹೊರಗ ನಿಂದರಸೀನಿ."

ಹೇಳಿ ಮೀಸಿ ತಿರುವಿದ್ರು. ಅಂಥಾ ಗಾಡಿಯೊಳಗ ಬೆವರು ಸುರಿಸಿದವ ನಾನು, ಮೈಯೆಲ್ಲಾ ಉರೀತು. ಗಿರಾಕಿ ಅಂತ ಚಾ ತರಿಸಿದೆ.

೨. ಚಿತ್ತಾಪುರದ ವಕೀಲರು

"ಹೋಗುವಾಗ ಎರಡು ತಾಸು, ಬರುವಾಗ ಕಾಲು ತಾಸು ಹೆಚ್ಚಾತು. ದಿಲ್ಲಿ ಅಷ್ಟರಾಗ ದೂರ ಸರೀತೇನು?"

"ಎದುರುಗಾಳಿ ಇದ್ರ ತಡ ಆಗ್ತದ್ರಿ ಸಾಹೇಬ್ರ."

"ಗಾಳಿ ಮ್ಯಾಲೆ ಕೇಸ್ ಹಾಕಲಿಕ್ಕೆ ಬರಂಗಿಲ್ಲ. ಟಿಕೀಟ್ ಕೊಟ್ಟವ ನೀನೇ ಅಲ್ಲ?"

೩. ನಮ್ಮಕ್ಕ

ದಿಲ್ಲಿಯೊಳಗ ನಮ್ಮ ತಮ್ಮನ ಕೂಸಿನ ತೊಟ್ಲ. ಮದುವ್ಯಾಗಿ ಭಾಳ ವರ್ಷಕ್ಕ ಹುಟ್ಟಿದ ಕೂಸು. ಕಿವ್ಯಾಗ ಹೆಸರು ಹೇಳಬೇಕಾದಾಕಿ ಸೋದರತ್ತಿ, ಅಂದ್ರ ನಮ್ಮಕ್ಕ. ಹೇಳಿದ ಕೂಡಲೇ ಹೆಣ್ಮಕ್ಕಳು ಆಕಿ ಬೆನ್ನಿಗೆ ಗುದ್ದೋದು ನಮ್ಮ ಪದ್ಧತಿ. ಆ ಗುದ್ದಿನ ಸಲುವಾಗೇ ಅಕ್ಕ ಇಷ್ಟು ವರ್ಷ ಹರಕಿ ಹೊತ್ತಿದ್ಳು.

"ಲಗೂ ಬಿಡೂಣು" ಅಂದ್ರ, "ಎರಡೇ ತಾಸಿನ ಹಾದಿ ಅಂದಿ, ಯಾಕ ಗಡಿಬಿಡಿ?" ಅಂದ್ಳು. ವಿಮಾನದ ಹಾದಿ ಬ್ಯಾರೆ, ಅದರ ತನಕ ಹೋಗೋ ಹಾದಿ ಬ್ಯಾರೆ ಅಂತ ಬಡಕೊಂಡೆ. ಕೇಳೋರ್ಯಾರು? ಹೈದರಾಬಾದಿಗೆ ಜೀಪ್ ಮಾಡಿಕೊಂಡು ಹೊಂಟ್ರ, ಕೋಡ್ಲಾದಾಗ ಬೀಗರ ಮನಿ ಮುಂದ ಇಳಿದ್ಳು. ಸುಲೇಪೇಟದಾಗ ಚಿಕ್ಕವ್ವನ ಮನಿ, ಚಿಂಚೋಳ್ಯಾಗ ನಾದಿನಿ ಮನಿ. ಎಲ್ಲಾ ಕಡಿ ಕುಂಕುಮ, ಸುಸ್ಲಾ, ಚಾ. ಮನಿಗೊಬ್ಬಾಕಿಯಂಗ ಮೂವರು ಹೆಣ್ಮಕ್ಕಳು ವಿಮಾನ ನೋಡ್ತೀವಂತ ನಮ್ಮ ಜೀಪ್ ಬ್ಯಾರೆ ಹತ್ತಿದ್ರು. ನಾ ಬೈದ್ರ, "ಬಾಗಿಲ ಮುಂದ ಹಾದು ಒಳಗ ಹೋಗ್ಲಿಲ್ಲಂದ್ರ ಮಂದಿ ಏನಂದಾರು?" ಅಂತ ಅಕ್ಕ ನನಗೇ ದಬಾಯಿಸಿದ್ಳು.

ಹೈದರಾಬಾದ್ ಮುಟ್ಟೂದ್ರಾಗ ವಿಮಾನ ಹಾರಿಹೋಗಿತ್ತು. ಮುಂದಿನದು ಮುಹೂರ್ತಕ್ಕ ಮುಟ್ಟಂಗಿಲ್ಲ. ಅಕ್ಕ ಅಲ್ಲೇ ಏರ್‌ಪೋರ್ಟ್ ಬಾಗಿಲ ಮುಂದ ಕುಂತು ಅಳ್ಳಿಕತ್ತಿದ್ಳು. ಬೈಬೇಕಂತಿದ್ದವ ಆಕಿ ಮಾರಿ ನೋಡಿ ತಮ್ಮಗ ಫೋನ್ ಮಾಡಿ ಸುದ್ದಿ ಹೇಳಿದೆ.

ಮುಹೂರ್ತದ ಹೊತ್ತಿಗೆ ತಮ್ಮ ಫೋನ್ ಹಚ್ಚಿ ಕೂಸಿನ ಕಿವಿಗಿಟ್ಟ. ಅಕ್ಕ ಅಳಕೋತೇ ಹೆಸರು ಹೇಳಿದ್ಳು. ದಿಲ್ಲಿಯವರಿಗೆ ಗುದ್ದಲಿಕ್ಕೆ ಬೆನ್ನಿರಲಿಲ್ಲ, ಇಲ್ಲಿ ಇತ್ತು. ಜೀಪಿನ ಮೂವರೂ ಸೇರಿ ದಬದಬ ಗುದ್ದಿದ್ರು.

ಬಾಗಿಲ ಕಾಯೋ ಪೊಲೀಸಪ್ಪ ಓಡಿಬಂದು ಅವರನ್ನ ಸರಿಸಿ, "ಯಾಕಮ್ಮಾ ನಿನಗ ಹೊಡೀಲಿಕತ್ತಾರ?" ಅಂದ.

ಅಕ್ಕ ಸೆರಗಿಲೆ ಕಣ್ಣೊರಸಿಕೊಂಡು ಅಂದ್ಳು: "ಇವರದು ಮುಗೀತಪಾ. ತಮ್ಮನ ಹೆಂಡ್ತಿ ಗುದ್ದೋದು ಇನ್ನೂ ಬಾಕಿ ಅದ. ಮುಂದಿನ ವಿಮಾನ ಎಷ್ಟಕ್ಕದ?"