ಮೇರುಕೃತಿ ಅಂದವರು ಯಾರು?

ಹೆಂಡತಿ: ಮೇರುಕೃತಿ ಅಂತ ನಾನು ಅನ್ನಲೇ ಇಲ್ಲ ರೀ!

ಗಂಡ: ಅಂದೆ. ನಿನ್ನೆ ಚಿತ್ರ ತಂದು ನಿನ್ನ ಹೊಲಿಗೆ ಯಂತ್ರದ ಪಕ್ಕ ಹಿಡಿದಾಗ ಅಂದೆ. ಕಿವಿಯಾರೆ ಕೇಳಿದೀನಿ.

ಹೆಂಡತಿ: ಬಾಯಿ ತುಂಬ ಗುಂಡುಸೂಜಿ ಕಚ್ಕೊಂಡಿದ್ದೆ. “ಮೇಲಕ್ಕೆತ್ರಿ” ಅಂದೆ. ಹಸಿ ಬಣ್ಣ ಗಿರಾಕಿ ಕೋಟಿಗೆ ತಾಗ್ತಿತ್ತು!

ಗಂಡ ಧೊಪ್ಪನೆ ಸ್ಟೂಲಿನ ಮೇಲೆ ಕೂತ. ಗಡಿಯಾರ ರಿಪೇರಿಯವನು; ಜೀವಮಾನದಲ್ಲಿ ಮೊದಲ ಸಲ ಕುಂಚ ಹಿಡಿದು, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಅವರ ಚಿತ್ರ ಬರೆದಿದ್ದ. ಮುಗಿಯುವವರೆಗೂ ಅವರಿಗೆ ತೋರಿಸಿರಲಿಲ್ಲ. ಈಗ ಅದು ಗೋಡೆಗೊರಗಿ ಇಬ್ಬರನ್ನೂ ಗುರಾಯಿಸುತ್ತಿತ್ತು.

ಗಂಡ: ಬೀದಿಯ ಅಂಗಡಿಯವರಿಗೆಲ್ಲ ಹೇಳಿಬಿಟ್ಟೆ ಕಣೇ. ನನ್ನ ಹೆಂಡತಿ ಮೇರುಕೃತಿ ಅಂದಳು, ಸಂಜೆ ಬಂದು ನೋಡಿ ಅಂತ.

ಹೆಂಡತಿ: ಅಲ್ಲ, ಮೇರುಕೃತಿ ಅಂದ್ರೆ ಏನಂದ್ಕೊಂಡಿದೀರಿ?

ಗಂಡ: ಒಬ್ಬ ಮಾಡಿದ್ದರಲ್ಲೆಲ್ಲ ಎತ್ತರದ್ದು.

ಹೆಂಡತಿ: ನೀವು ಬರೆದಿರೋದೇ ಒಂದು.

ಗಂಡ: ಹಾಗಾದ್ರೆ ಅನುಮಾನವೇ ಇಲ್ಲ, ಅದೇ ಎತ್ತರದ್ದು!

ಹೆಂಡತಿ: ತಗ್ಗಿನದೂ ಅದೇ.

ಗಂಡ: ಆಯ್ತು ಬಿಡು. ಕುಂಚ, ಬಣ್ಣ ಎಲ್ಲ ಇವತ್ತೇ ಕಸದ ಬುಟ್ಟಿಗೆ.

ಅವನು ಎದ್ದೇಬಿಟ್ಟ. ಹೆಂಡತಿ ಯಂತ್ರ ನಿಲ್ಲಿಸಿ ಅವನ ಅಂಗಿ ಹಿಡಿದೆಳೆದಳು.

ಹೆಂಡತಿ: ಕೂತ್ಕೊಳ್ಳಿ. ನಮ್ಮಪ್ಪ ಮರ ಕೆತ್ತೋದನ್ನ ಬಿಟ್ಟಿದ್ದು ಯಾಕೆ ಗೊತ್ತಾ? ಒಂದು ಬಾಗಿಲು ಕೆತ್ತಿದ್ರು, ಬಳ್ಳಿ, ಹಕ್ಕಿ ಎಲ್ಲ ಇದ್ದದ್ದು. ಯಾರೋ ಪುಣ್ಯಾತ್ಮರು “ಇದು ನಿಮ್ಮ ಮೇರುಕೃತಿ” ಅಂದ್ರಂತೆ. ಅಷ್ಟೇ. ಇನ್ನೇನು ಮಾಡಿದ್ರೂ ಇದಕ್ಕಿಂತ ಕಮ್ಮಿನೇ ಅಂತ ಉಳಿ ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. ಬಾಗಿಲು ನೋಡ್ಕೊಂಡು ಕೂತಿರೋರು. ಆ ಪದ ನನ್ನ ಬಾಯಲ್ಲಿ ಬರಲ್ಲ.

ಗಂಡನ ಸಿಟ್ಟು ಅರ್ಧ ಇಳಿಯಿತು.

ಗಂಡ: ಚೆನ್ನಾಗಿದೆ ಅಂತಾದ್ರೂ ಅನ್ನಬಹುದಿತ್ತು.

ಹೆಂಡತಿ: ಆ ಕಣ್ಣು ನೋಡಿ. ಅಮ್ಮ ಬಯ್ಯೋಕೆ ಮುಂಚೆ ಹಾಗೇ ನೋಡೋದು. ನಿನ್ನೆ ನನಗೇ ಗೊತ್ತಿಲ್ಲದೆ ಬೆನ್ನು ನೆಟ್ಟಗೆ ಮಾಡ್ಕೊಂಡೆ.

ಗಂಡ: ನಿಜವಾಗ್ಲೂ?

ಹೆಂಡತಿ: ನಿಮ್ಮಾಣೆ. ಇನ್ನೂ ಬರೀರಿ. ನೀವು ಬಣ್ಣ ಕಲೆಸ್ತಾ ಹಾಡು ಗುನುಗೋದು ಕೇಳ್ತಿದ್ರೆ ನನಗೆ ಹೊಲಿಗೆ ಬೇಗ ಸಾಗುತ್ತೆ.

ಗಂಡನ ಮುಖ ಅರಳಿತು. ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಕನ್ನಡಕ ಒರೆಸಿ ಹಾಕಿಕೊಂಡರು. ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು.

ಅತ್ತೆ: ಮೇರುಕೃತಿ ಕಣಪ್ಪ!

ಗಂಡ: ಅಯ್ಯೋ ಅತ್ತೆ, ಬಿಡ್ತು ಅನ್ನಿ! ಕಿವಿ ನೋಡಿ, ಎಷ್ಟು ದಪ್ಪ ಬಂದಿದೆ! ಗಲ್ಲ ಸೊಟ್ಟ ಆಗಿದೆ!

ಹೆಂಡತಿ: ಅಮ್ಮಾ! ಅಪ್ಪನಿಗೆ ಆ ಮಾತಿಂದ ಏನಾಯ್ತು ಅಂತ ಗೊತ್ತಿದ್ದೂ ಅಂತೀಯಲ್ಲ!

ಅತ್ತೆ: ಗೊತ್ತಿಲ್ಲದೆ ಏನು? ಅವರಿಗೆ ಹಾಗಂದವಳೂ ನಾನೇ.

ಹೊಲಿಗೆ ಯಂತ್ರದ ಮೇಲಿದ್ದ ಕೋಟು ಜಾರಿ ಬಿತ್ತು. ಯಾರೂ ಎತ್ತಲಿಲ್ಲ.

ಹೆಂಡತಿ: ನೀನಾ?!

ಅತ್ತೆ: ಮತ್ತೇನು ಮಾಡ್ಲಿ? ಹಾಸಿಗೆಯಲ್ಲಿ ಮರದ ಹೊಟ್ಟು, ಹಾಲಲ್ಲಿ ಮರದ ಹೊಟ್ಟು. ನಿಲ್ಸಿ ಅಂದ್ರೆ ಕೋಪ ಬರೋದು. ಮೇರುಕೃತಿ ಅಂದೆ, ನಗ್ತಾ ನಗ್ತಾ ನಿಲ್ಸಿದ್ರು. ಆಮೇಲೆ ಬಾಗಿಲು ನೋಡ್ತಾ ಕೂತಿದ್ದು ಬೇಜಾರಿಂದಲ್ಲ ಕಣೇ, ಬರೋ ಹೋಗೋರೆಲ್ಲ ಹೊಗಳಲಿ ಅಂತ.

ಗಂಡ: ಸರಿ ಅತ್ತೆ, ನಾನು ಮರ ಕೆತ್ತಲ್ಲ, ಹೊಟ್ಟು ಬೀಳ್ಸಲ್ಲ. ನನಗೆ ಯಾಕೆ ಅಂದ್ರಿ?

ಅತ್ತೆ: ಇನ್ನೊಂದು ಸಲ ನನ್ನನ್ನ ಎದುರಿಗೆ ಕೂರಿಸ್ಕೊಂಡು, ಬಾಯಿ ಆಡಿಸ್ಬೇಡಿ ಅಂತ ಹೇಳ್ಬಾರ್ದಲ್ಲ, ಅದಕ್ಕೆ!